ಅಪ್ಪ ಇಲ್ಲ ಅಂದದ್ದು

ನನಗೆ ಅಕ್ಷರ ಕಲಿಸಿದವನು ನಮ್ಮಪ್ಪ. ಕಲಿಸಿಲ್ಲ ಅಂದವನೂ ಅವನೇ.

ಆಗ ನಿಜಾಮನ ಕಾಲ. ಭಾಲ್ಕಿಯ ಸರಕಾರಿ ಸಾಲೆಯಲ್ಲಿ ಉರ್ದು ನಡೆಯುತ್ತಿತ್ತು, ಅದೂ ಗಂಡುಹುಡುಗರಿಗೆ. ಅಪ್ಪನದು ಕಿರಾಣಿ ಅಂಗಡಿ. ಚಿಕ್ಕಂದಿನಲ್ಲಿ ಮಠದ ಅಯ್ಯನವರ ಹತ್ತಿರ ಅವನು ಕನ್ನಡ ಕಲಿತಿದ್ದ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಮನೆಗೆ ಬಂದು, ಒಲೆಯ ಬೂದಿ ಜರಡಿ ಹಿಡಿದು, ಹಲಗೆಯ ಮೇಲೆ ಹರವಿ, ನನ್ನ ಬೆರಳು ಹಿಡಿದು ತಿದ್ದಿಸುತ್ತಿದ್ದ. ತಪ್ಪಿದರೆ ಹೊಡೆಯುತ್ತಿರಲಿಲ್ಲ. ಬೂದಿ ಸವರಿ "ಮತ್ತ ಬರಿ" ಅನ್ನುತ್ತಿದ್ದ.

ಅವ್ವ ಒಳಗಿನಿಂದ ಒದರುತ್ತಿದ್ದಳು: "ಪೋರಿ ತಹಸೀಲ್ದಾರ ಆಗ್ತಾಳೇನ್ರಿ? ಕೊಟ್ಟಿಗ್ಯಾಗ ಸೆಗಣಿ ಬಿದ್ದದ, ಕಳಸ್ರಿ."

"ಸೆಗಣಿ ಎಲ್ಲಿ ಓಡಿ ಹೋಗ್ತದ? ಸುಮ್ಕಿರು" ಎಂದು ಅಪ್ಪ ನಗುತ್ತಿದ್ದ. ನನಗೆ ಹೇಳುತ್ತಿದ್ದ: "ನಮ್ಮ ಕನ್ನಡ ಸಾಲಿ ಬರಲಿ, ಎಲ್ಲರಕಿಂತ ಮೊದಲ ನಿನ್ನ ಹೆಸರ ಹಚ್ಚತೇನಿ."

ರಜಾಕಾರರ ಹಾವಳಿ ಬಂತು. ಕದ ಹಾಕಿಕೊಂಡು ಕೂತೆವು. ಆಮೇಲೆ ಫೌಜು ಬಂತು, ನಿಜಾಮನ ದರ್ಬಾರು ಮುಗಿಯಿತು. ಊರಲ್ಲಿ ಕನ್ನಡ ಸಾಲೆ ತೆಗೆಯುತ್ತಾರೆಂದು ಸುದ್ದಿಯಾಯಿತು. ನನ್ನ ಹೆಸರು ಯಾವಾಗ ಹಚ್ಚುತ್ತಿ ಎಂದು ಕೇಳಿದೆ. "ನೋಡೂಣು ತಡಿ" ಅಂದ.

ಅಷ್ಟರಲ್ಲಿ ಔರಾದದಿಂದ ನನ್ನನ್ನು ನೋಡಲು ಬಂದರು. ಆಗ ಕನ್ಯೆ ನೋಡುವುದೆಂದರೆ ಸಂತೆಯಲ್ಲಿ ದನ ನೋಡಿದ ಹಾಗೆ. ನಡೆಸಿದರು, ತುರುಬು ಬಿಚ್ಚಿಸಿದರು, ರೊಟ್ಟಿ ಬಡಿಯಲು ಹಚ್ಚಿದರು. ಕಡೆಗೆ ಹುಡುಗನ ತಾಯಿ ಕೇಳಿದಳು:

"ಹುಡುಗಿಗಿ ಓದಾಕ ಬರ್ತದೇನ್ರಿ?"

ಅಪ್ಪ ಈಗ ಹಲಗೆ ತರಿಸುತ್ತಾನೆ ಅಂದುಕೊಂಡೆ.

"ಛೇ ಛೇ, ಇಲ್ರಿ ಅವ್ವಾರ. ನಮ್ಮ ಮನ್ಯಾಗ ಅಂಥಾ ರೂಢಿ ಇಲ್ರಿ. ಎಮ್ಮಿ ಹಿಂಡೋದು ಬಿಟ್ಟರ ಈಕಿಗಿ ಏನೂ ತಿಳಿಯಂಗಿಲ್ಲ."

ಎಲ್ಲರೂ ನಕ್ಕರು. ಆ ಹೆಂಗಸು ನಗಲಿಲ್ಲ. "ಆಗಲಿ ಬಿಡ್ರಿ" ಅಂದಳು. ಸಂಬಂಧ ಗಟ್ಟಿಯಾಯಿತೆಂದು ಸಕ್ಕರೆ ಹಂಚಿದರು.

ಅವರು ಹೋದ ಮೇಲೆ ಕೇಳಿದೆ: "ಯಾಕ ಸುಳ್ಳ ಹೇಳ್ದಿ?"

"ಹೆಣ್ಣು ಓದಿದರ ಗಂಡ ಸಾಯ್ತಾನ ಅಂತಾರ ಹಳೀ ಮಂದಿ. ಹೌದಂದ್ರ ಎದ್ದ ಹೋಗ್ತಿದ್ದರು."

"ಮತ್ತ ಸಾಲಿ?"

ಅಪ್ಪ ರುಮಾಲು ಸುತ್ತಿಕೊಂಡು ಅಂಗಡಿಗೆ ಹೋದ. ಅಂದಿನಿಂದ ಹಲಗೆ ಮುಟ್ಟಲಿಲ್ಲ. ಮುಂದೆ ಸಾಲೆ ಶುರುವಾಯಿತಂತೆ. ನಾನು ಅದರ ಬಾಗಿಲು ನೋಡಿದವಳಲ್ಲ. ಅಷ್ಟೊತ್ತಿಗೆ ಮದುವೆಯಾಗಿ ಔರಾದದಲ್ಲಿ ನೀರು ಹೊರುತ್ತಿದ್ದೆ.

ಒಂದು ಸಂಜೆ ಅತ್ತೆ ಬಟ್ಟೆಯ ಗಂಟು ಬಿಚ್ಚಿ ವಚನದ ಪುಸ್ತಕ ತೆಗೆದಳು. ಸತ್ತುಹೋದ ಮಾವ ಅದನ್ನು ಬೀದರದಿಂದ ತಂದಿದ್ದನಂತೆ.

"ಅವರಿದ್ದಾಗ ದಿನಾ ಓದಿ ಹೇಳ್ತಿದ್ದರು. ನಿನ್ನ ಗಂಡಗ ಉರ್ದು ಬಿಟ್ಟರ ಏನೂ ಬರಂಗಿಲ್ಲ. ಓದೋ ಸೊಸಿ ಸಿಗಲಿ ಅಂತ ಎಷ್ಟ ಮನಿ ತಿರಗೇನಿ ಯವ್ವಾ! ನಿಮ್ಮ ಮನ್ಯಾಗೂ ಅದಕ್ಕ ಕೇಳ್ದೆ. ಇಲ್ಲಂದರು. ಹೋಗಲಿ, ರೊಟ್ಟಿ ಛಲೋ ಬಡೀತಾಳ ಅಂತ ಹೂಂ ಅಂದೆ."



"ನನಗ ಓದಾಕ ಬರ್ತದ್ರಿ ಅತ್ತಿ. ನಮ್ಮಪ್ಪನೇ ಕಲಸ್ಯಾನ."

"ಹಂಗಾದರ ನನ್ನ ಎದುರ ಸುಳ್ಳ ಹೇಳ್ದನೇನ ನಿಮ್ಮಪ್ಪ?"

ತವರಿನ ಮಾನ ಮುಚ್ಚಬೇಕಿತ್ತು. ಮುಚ್ಚಲಿಲ್ಲ. "ಹೇಳ್ದ್ರಿ" ಅಂದೆ.

ಅವಳು ಪುಸ್ತಕ ನನ್ನ ತೊಡೆಯ ಮೇಲಿಟ್ಟು, ಸೆರಗು ಹೊದ್ದು ಕೂತಳು. ಬಿಡಿ ಅಕ್ಷರಗಳ ಗುರುತು ಸಿಕ್ಕಿತು. ಒತ್ತಕ್ಷರ ಬಂದಲ್ಲೆಲ್ಲ ನಿಂತೆ. ಅಪ್ಪನ ಪಾಠ ಅಲ್ಲಿಯವರೆಗೆ ಬಂದಿರಲಿಲ್ಲ. ಒಂದು ಸಾಲೂ ದಾಟಲಿಲ್ಲ. ಅತ್ತೆ ಕಾದು ಕಾದು ಪುಸ್ತಕ ಕಟ್ಟಿಟ್ಟಳು.

"ಅರ್ಧಾ ಕಲಿಸಿ ಕೈ ಬಿಟ್ಟಾನ. ಖೋಟಾ ಮನಷ್ಯಾ."

ಪಂಚಮಿಗೆ ಅಪ್ಪ ನನ್ನನ್ನು ಕರೆಯಲು ಬಂದ. ಗಾಡಿ ಹೂಡಿಕೊಂಡೇ ಬಂದಿದ್ದ. ಜೋಕಾಲಿ ಕಟ್ಟೇವಿ, ಉಂಡಿ ಮಾಡ್ಯಾಳ ನಿಮ್ಮವ್ವ ಎಂದೆಲ್ಲ ಹೇಳಿದ. ಕಾಲಿಗೆ ನೀರು ಕೊಟ್ಟೆ, ಉಣ್ಣಲು ಹಾಕಿದೆ. ಗಾಡಿ ಹತ್ತಲಿಲ್ಲ.