ಹೋಟೆಲ್ ಬೋರ್ಡಿಗೆ ನಾನು ಬರೆದ ಮುಖ

ಚನ್ನಪಟ್ಟಣದಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ. ಮದುವೆ ಪತ್ರಿಕೆ, ಫ್ಲೆಕ್ಸು, ಬೊಂಬೆ ಡಬ್ಬಿಗಳ ಮೇಲಿನ ಚಿತ್ರ, ಇವೇ ಕೆಲಸ. ಮಧ್ಯಾಹ್ನದ ಊಟಕ್ಕೆ ಎದುರಿನ ಮುದ್ದೆ ಹೋಟೆಲಿಗೆ ಹೋಗುತ್ತಿದ್ದೆ. ಅಲ್ಲಿನ ಅಡುಗೆಯಾಕೆ ಅಕ್ಕೂರಿನವರು. ಅರವತ್ತರ ಹತ್ತಿರದ ವಯಸ್ಸು, ಅಗಲ ಮುಖ, ಮುಂದಿನ ಹಲ್ಲುಗಳ ನಡುವೆ ಸಂದು. ಎಡಗೈಯವರು. ಹೋಟೆಲು ಶುರುವಾದಾಗಿನಿಂದ ಒಲೆ ಅವರದೇ. ಉಪ್ಪುಸಾರಿನ ದಿನ ನಾನು ಬರುವುದು ತಡವಾದರೆ ನನಗೆಂದು ಒಂದು ಬಟ್ಟಲು ತೆಗೆದಿಟ್ಟಿರುತ್ತಿದ್ದರು.

ಮಾಲೀಕರು ರಾಮನಗರ, ಕನಕಪುರ, ಮಾಗಡಿಯಲ್ಲೂ ಶಾಖೆ ತೆರೆಯಲು ಹೊರಟರು. ನಾಲ್ಕೂ ಕಡೆಯ ಬೋರ್ಡಿಗೆ ಒಂದೇ ಗುರುತಿನ ಚಿತ್ರ ಬೇಕೆಂದು ನನ್ನನ್ನು ಕರೆದರು. ಪೇಟ ಸುತ್ತಿದ ರೇಷ್ಮೆಗೂಡು ಬರೆದೆ, ಕುಣಿಯುವ ಮುದ್ದೆ ಬರೆದೆ. ಅವರಿಗೆ ಹಿಡಿಸಲಿಲ್ಲ. "ನೋಡಿದ್ರೆ ಹೊಟ್ಟೆ ಹಸೀಬೇಕು ಕಣಮ್ಮ," ಎಂದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅಡುಗೆಯಾಕೆ ಸೌಟು ಹಿಡಿದು, ಸಪ್ಲೈಯರನ್ನು ಗದರುತ್ತಲೇ ನಕ್ಕರು. ಕೂತಲ್ಲೇ ಆ ಮುಖ ಗೀಚಿಕೊಂಡೆ.

ಮಾಲೀಕರು ಅದನ್ನು ನೋಡಿದವರೇ ಒಪ್ಪಿದರು. ಆಮೇಲೆ ತಿದ್ದುಪಡಿ ಶುರುವಾಯಿತು. ಮೈಬಣ್ಣ ತಿಳಿಯಾಗಬೇಕು, ಹಲ್ಲಿನ ಸಂದು ಮುಚ್ಚಬೇಕು. "ಎಡಗೈಲಿ ಬಡಿಸಿದ್ರೆ ಯಾರ್ ಉಣ್ತಾರೆ? ಸೌಟ ಬಲಗೈಗೆ ಕೊಡು."

ಎಲ್ಲವನ್ನೂ ಮಾಡಿದೆ. "ಅವರನ್ನ ಒಂದು ಮಾತು ಕೇಳಬೇಕಲ್ವಾ?" ಎಂದೆ.

"ನಾನ್ ಹೇಳ್ತೀನಿ ಬುಡು," ಎಂದರು.

ದಿನಾ ಆಕೆಯ ಕೈಯಡುಗೆ ಉಣ್ಣುತ್ತಿದ್ದವಳು ನಾನು. ನಾನೇ ಕೇಳಬಹುದಿತ್ತು. ಆಕೆ ಬೇಡ ಎಂದರೆ ಕೆಲಸ ಕೆಡುತ್ತದೆ ಎಂಬ ಹೆದರಿಕೆಯಿಂದ ಸುಮ್ಮನಾದೆ.

ಬೋರ್ಡುಗಳು ಮೇಲೇರಿದವು. ಜನ ಮೊದಲು ಚಿತ್ರ ನೋಡಿ, ಆಮೇಲೆ ಅಡುಗೆಮನೆಯತ್ತ ಕತ್ತು ಚಾಚಿ ನಗುತ್ತಿದ್ದರು. ಅಷ್ಟರಲ್ಲಿ ರಾಮನಗರದಲ್ಲಿ ದೊಡ್ಡ ಅಡುಗೆಮನೆ ಕಟ್ಟಿದರು. ನಾಲ್ಕು ಹೋಟೆಲಿಗೂ ಸಾರು ವ್ಯಾನಿನಲ್ಲಿ ಬರತೊಡಗಿತು. ಅಡುಗೆಯಾಕೆಗೆ ಚಿತ್ರದಲ್ಲಿದ್ದಂಥದೇ ಕೆಂಪಂಚಿನ ಹಸಿರು ಸೀರೆ ಉಡಿಸಿ, ಕೈಗೊಂದು ಹಿತ್ತಾಳೆ ಸೌಟು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ಬಂದವರಿಗೆ ಕೈಮುಗಿಯಬೇಕು, ಫೋಟೋಗೆ ನಗಬೇಕು. ಮೊದಲ ದಿನ ನಾನು ಹೋದಾಗ ಮ್ಯಾನೇಜರ್ ಹೇಳುತ್ತಿದ್ದ: "ಬಲಗೈಲಿ ಹಿಡ್ಕಳಮ್ಮ, ಮ್ಯಾಲ್ ನೋಡು, ಬೋರ್ಡ್‌ನಾಗೆ ಹೆಂಗೈತೆ ಅಂತ."

ಆಕೆ ಕತ್ತೆತ್ತಿ ನೋಡಿ ಸೌಟನ್ನು ಕೈ ಬದಲಾಯಿಸಿಕೊಂಡರು. ನಾನು ತಲೆ ತಗ್ಗಿಸಿ ಒಳಗೆ ಹೋದೆ. ಉಂಡು ಬರುವಾಗ ತಡೆದು ಕೇಳಿದರು: "ಸಾರ್ ಹೆಂಗಿತ್ತವ್ವ?"

"ಚೆನ್ನಾಗಿತ್ತು."

"ಸುಳ್ ಹೇಳ್ಬ್ಯಾಡ. ನಾನೂ ಉಂಡಿವ್ನಿ."

ಮೂರು ತಿಂಗಳು ನಿಂತರು. ಬಿಸಿಲಿಗೆ ಕಾಲು ಊದಿಕೊಂಡಿತ್ತು, ಸ್ಟೂಲು ಕೇಳಿದರಂತೆ. ಕೂತರೆ ಚಿತ್ರದ ಥರ ಕಾಣುವುದಿಲ್ಲ ಎಂದು ಮ್ಯಾನೇಜರ್ ಹೇಳಿದನಂತೆ. ಮಾರನೆಯ ದಿನದಿಂದ ಅವರು ಬರಲಿಲ್ಲ. ವಾರದೊಳಗೆ ಅದೇ ಸೀರೆಯಲ್ಲಿ ಇನ್ನೊಬ್ಬಾಕೆ ನಿಂತಿದ್ದರು. ನಾನು ಮುಚ್ಚಿದ್ದ ಹಲ್ಲಿನ ಸಂದು ಈಕೆಗೆ ಇರಲಿಲ್ಲ. ಚಿತ್ರವನ್ನು ಹೆಚ್ಚು ಹೋಲುವವರು ಈಕೆಯೇ.

ಒಂದು ಭಾನುವಾರ ಅಕ್ಕೂರಿಗೆ ಹೋದೆ. ಅಡುಗೆಯಾಕೆ ಮಗಳ ಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ನನ್ನಿಂದ ತಪ್ಪಾಯಿತು ಎಂದೆ.

"ಬರ್ದಿದ್ದು ತಪ್ಪಲ್ಲ," ಎಂದರು, ಕೈ ನಿಲ್ಲಿಸದೆ. "ಒಂದ್ ಮಾತ್ ಕೇಳಿದ್ರೆ ನಾನೇನ್ ಬ್ಯಾಡ ಅಂತಿದ್ನಾ? ನೀನ್ ಬರ್ಯಾಕೆ ಕುಸಿಯಾಗೇ ಕೂತ್ಕತಿದ್ದೆ. ನಿಂಗೆ ಕೇಳ್ಬೇಕು ಅನ್ನುಸ್ನಿಲ್ವಲ್ಲ, ಅದು ಕಣವ್ವ."

ಆಕೆ ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮುಂದಿನ ತಟ್ಟೆಗೆ ಸೊಪ್ಪು ಹರಡಿದರು. ನಾನೇ ಹೊರಟು ಬಂದೆ.

ಈಗ ಐದನೆಯ ಶಾಖೆ ಹೆದ್ದಾರಿ ಬದಿಯಲ್ಲಿ ಬರುತ್ತಿದೆ. ಆ ಮುಖವನ್ನು ಇನ್ನೊಂದಿಷ್ಟು ಚಿಕ್ಕ ವಯಸ್ಸಿಗೆ ತರಬೇಕೆಂದು ಮಾಲೀಕರು ಹೇಳಿಕಳಿಸಿದರು. ಆಗುವುದಿಲ್ಲ ಎನ್ನಬೇಕೆಂದುಕೊಂಡೇ ಫೋನ್ ಮಾಡಿದೆ. ಆದರೆ ಯಾವಾಗ ಬೇಕು ಎಂದು ಕೇಳಿದೆ. ಆ ಮುಖದಿಂದ ಹತ್ತು ವರ್ಷ ತೆಗೆಯಲು ಅರ್ಧ ದಿನವೂ ಹಿಡಿಯಲಿಲ್ಲ.