ಕುರಿಗಳು ಉತ್ತರಕ್ಕೆ ತಲೆಯಿಟ್ಟ ರಾತ್ರಿ

ವಿಚಿತ್ರ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಎಂದೂ ಗೌರವವಿರಲಿಲ್ಲ. ಅಂಥ ಬರಹ ಕಣ್ಣಿಗೆ ಬಿದ್ದಾಗಲೆಲ್ಲ, ಬರೆದವನು ಒಂದೋ ಅಂಜುಬುರುಕ, ಇಲ್ಲವೇ ಅಳೆದು ನೋಡಲು ಸೋಮಾರಿ ಎಂದು ತೀರ್ಮಾನಿಸಿ ಪುಟ ತಿರುವಿಬಿಡುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ನಾನು. ಎದುರಾಳಿ 'ನನಗೆ ಹೀಗನ್ನಿಸಿತು' ಎಂದ ಕ್ಷಣವೇ ಅವನು ಸೋತನೆಂದು ತಿಳಿಯುವುದು ಅಲ್ಲಿನ ಮೊದಲ ಪಾಠ. ಆಮೇಲೆ ಕೊಟ್ಟೂರಿನಲ್ಲಿ ಅಧ್ಯಾಪಕನಾದ ಮೇಲೂ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಕರೆದಲ್ಲಿಗೆಲ್ಲ ಹೋಗಿ ಶಕುನ, ಗಳಿಗೆ, ದೃಷ್ಟಿದೋಷಗಳ ವಿರುದ್ಧ ಭಾಷಣ ಮಾಡಿದ್ದೇನೆ. ಜನ ಚಪ್ಪಾಳೆ ತಟ್ಟಿ, ಹೊರಗೆ ಬಂದು, ನಿಂಬೆಹಣ್ಣು ಕಟ್ಟಿದ ತಮ್ಮ ಮೋಟರ್ ಬೈಕುಗಳನ್ನೇರಿ ಮನೆಗೆ ಹೋಗುತ್ತಿದ್ದರು. ಅವರನ್ನು ತಿದ್ದಬೇಕೆಂಬ ಆಸೆ ನನ್ನಲ್ಲಿ ಎಷ್ಟಿತ್ತೋ, ಅವರ ಬಗೆಗಿನ ತಿರಸ್ಕಾರವೂ ಅಷ್ಟೇ ಇತ್ತು. ಇಂಥವನು ಈಗ ಈ ಬರಹಕ್ಕೆ ಕೂತಿದ್ದೇನೆ; ಓದುಗರು ನನ್ನನ್ನು ಹೀಗಳೆದರೆ ತಕರಾರಿಲ್ಲ.

ನನಗೊಂದು ಹವ್ಯಾಸವಿದೆ. ನಾನು ಹವ್ಯಾಸಿ ಬಾನುಲಿಗೆ, ಅಂದರೆ ಹ್ಯಾಮ್ ರೇಡಿಯೊಗೆ, ಪರವಾನಗಿ ಪಡೆದವನು. ಅದರಲ್ಲೂ ನನ್ನ ಒಲವು ಬಹಳ ಕಡಿಮೆ ಕಂಪನಾಂಕದ ಅಲೆಗಳ ಕಡೆಗೆ. ನೂರ ಮೂವತ್ತಾರು ಕಿಲೋಹರ್ಟ್ಸ್ ಸುಮಾರಿನಲ್ಲಿ ಒಂದೊಂದು ಅಲೆಯೂ ಎರಡು ಕಿಲೋಮೀಟರಿಗಿಂತ ಉದ್ದವಿರುತ್ತದೆ. ಹವ್ಯಾಸಿಗಳು ಅಲ್ಲಿ ಕಳಿಸುವ ಶಕ್ತಿ ಒಂದು ಸಣ್ಣ ದೀಪಕ್ಕೂ ಸಾಲದು. ಆದ್ದರಿಂದ ಮೋರ್ಸ್ ಸಂಕೇತವನ್ನು ಅತಿ ನಿಧಾನವಾಗಿ, ಒಂದು ಚುಕ್ಕೆಗೆ ಅರ್ಧ ನಿಮಿಷದಂತೆ ಕಳಿಸುತ್ತಾರೆ. ಅದು ಕಿವಿಗೆ ಕೇಳುವುದಿಲ್ಲ. ರಾತ್ರಿಯಿಡೀ ಲ್ಯಾಪ್‌ಟಾಪಿನ ಪರದೆಯ ಮೇಲೆ, ಬೂದಿಯಂಥ ಗದ್ದಲದ ನಡುವೆ, ತೆಳ್ಳಗಿನ ಗೆರೆಯಾಗಿ ಮೂಡುತ್ತದೆ. ಸೈಬೀರಿಯಾದ ಕಡೆಯ ಒಬ್ಬ ಹವ್ಯಾಸಿ ಆರು ವರ್ಷದ ಹಿಂದಿನ ಚಳಿಗಾಲ ಪ್ರತಿ ರಾತ್ರಿ ತನ್ನ ಮೂರು ಅಕ್ಷರಗಳ ಗುರುತನ್ನು ಕಳಿಸುತ್ತಿದ್ದ. ಅವನನ್ನು ಹಿಡಿಯುವುದು ನನ್ನ ಹಟವಾಗಿತ್ತು.

ಆ ಅಲೆ ನಮ್ಮವರೆಗೆ ಬರುವುದು ನೆಲಕ್ಕೂ ಮೇಲಿನ ಗಾಳಿಯ ಒಂದು ಪದರಕ್ಕೂ ನಡುವೆ, ಸೂರಿನ ಕೆಳಗೆ ಹರಿದ ಹೊಗೆಯ ಹಾಗೆ. ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದರೆ ಆ ಸೂರು ಗಟ್ಟಿ. ಸೂರ್ಯನಿಂದ ಹೊಮ್ಮಿದ ಕಣಗಳು ಬಡಿದು ಕ್ಷೇತ್ರ ಕದಡಿದರೆ ಅದೇ ಸೂರು ಅಲೆಯನ್ನು ನುಂಗತೊಡಗುತ್ತದೆ. ಕದಡು ಇಳಿಯಿತೆಂದು, ಅದನ್ನು ಅಳೆಯುವವರು ಫೋನಿಗೆ ಕಳಿಸುವ ಸೂಚಿ ಹೇಳಿದ ಮೇಲೂ ನುಂಗುವುದು ಎಷ್ಟೋ ದಿನ ನಿಲ್ಲುವುದಿಲ್ಲ. ಒಮ್ಮೊಮ್ಮೆ ಕದಡು ಶುರುವಾದ ರಾತ್ರಿಯೇ ಸಂಕೇತ ಎಂದಿಗಿಂತ ಚೆನ್ನಾಗಿ ಬರುವುದೂ ಉಂಟು. ಹೀಗಾಗಿ ಇಂಥ ರಾತ್ರಿ ಅವನು ಬಂದೇ ಬರುತ್ತಾನೆಂದು ನಮ್ಮಲ್ಲಿ ಯಾರೂ ಎದೆ ತಟ್ಟಿ ಹೇಳಲಾರರು.

ಇದಕ್ಕೆ ವಿದ್ಯುತ್ತಿನ ಗದ್ದಲವಿಲ್ಲದ ಜಾಗ ಬೇಕು. ಊರಲ್ಲಿ ಪಂಪು, ಇನ್ವರ್ಟರು, ಅಗ್ಗದ ಬಲ್ಬು ಎಲ್ಲವೂ ಅರಚುತ್ತವೆ. ಗುಡೇಕೋಟೆಯ ಆಚೆ, ಬಂಡೆಗಳ ನಡುವೆ, ಗೆಳೆಯನೊಬ್ಬನ ಶೇಂಗಾ ಹೊಲವಿತ್ತು. ಆ ಚಳಿಗಾಲದ ರಜೆಯಲ್ಲಿ ಅಲ್ಲೊಂದು ಗುಡಾರ ಹಾಕಿ, ಬಂಡೆಯಿಂದ ಬೇವಿನ ಮರಕ್ಕೆ ಉದ್ದನೆಯ ತಂತಿ ಎಳೆದೆ. ಶೇಂಗಾ ಕಿತ್ತಾಗಿತ್ತು, ಗೊಬ್ಬರಕ್ಕೆಂದು ಗೆಳೆಯ ಅದೇ ಹೊಲದಲ್ಲಿ ರಾತ್ರಿ ಕುರಿಮಂದೆಯನ್ನು ತರುಬಿ ನಿಲ್ಲಿಸಿದ್ದ. ಕುರಿಗಾರ ಭರಮಪ್ಪನಿಗೆ ಎಪ್ಪತ್ತರ ಸುಮಾರು. ಅವನ ಮಗ ಇನ್ನೊಂದು ಹಿಂಡಿನೊಡನೆ ಇಟ್ಟಿಗಿಯ ಕಡೆ ಹೋಗಿದ್ದ. ಜೊತೆಯಲ್ಲಿದ್ದವಳು ಮೊಮ್ಮಗಳು ಮಾಳಮ್ಮ ಮಾತ್ರ.

ಮಾಳಮ್ಮ ಕೂಡ್ಲಿಗಿಯಲ್ಲಿ ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿದ್ದಳು. ಹರಪನಹಳ್ಳಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿ, ಸೋಮವಾರ ಸಂಜೆಯೊಳಗೆ ಹಾಜರಾಗಬೇಕಿತ್ತು. ತಪ್ಪಿದರೆ ಸೀಟು ಮುಂದಿನವರಿಗೆ. ತಾತನಿಗೆ ಓದು ಬೇಡವೆಂದಲ್ಲ. ಆದರೆ ಅವರ ಮನೆತನದ ನಡಾವಳಿಯೊಂದಿತ್ತು: ಹೊತ್ತು ಮುಳುಗಿ ಮಂದೆ ಮಲಗಿದ ಮೇಲೆ ಹಿರಿಯನು ಒಂದು ಸುತ್ತು ಬಂದು ಕುರಿಗಳು ತಲೆ ಯಾವ ಕಡೆ ಇಟ್ಟಿವೆಯೆಂದು ನೋಡುವುದು. ಮೂರು ರಾತ್ರಿ ಸಾಲಾಗಿ ಅವು ಒಂದೇ ಮುಖವಾಗಿ, ಉತ್ತರಕ್ಕೆ ಮಲಗಿದರೆ ಮಾತ್ರ ಮನೆಯ ಮಗಳನ್ನು ಹೊರಗೆ ಕಳಿಸುವುದು, ಮದುವೆಗಾಗಲಿ, ಓದಿಗಾಗಲಿ. ಹತ್ತು ದಿನದಿಂದ ಕುರಿಗಳು ಒಂದೇ ಮುಖವಾಗಿರಲಿಲ್ಲ. ಒಬ್ಬ ಹುಡುಗಿಯ ಬದುಕು ಕುರಿಗಳ ನಿದ್ದೆಗೆ ಒತ್ತೆಯಿದೆಯೆಂದು ತಿಳಿದಾಗ ನನಗಾದ ಜಿಗುಪ್ಸೆಯನ್ನು ಬಣ್ಣಿಸಲಾರೆ.

ಬುಧವಾರ ಸಂಜೆ ನಾನು ಯಂತ್ರ ಜೋಡಿಸುತ್ತಿದ್ದಾಗ ಭರಮಪ್ಪ ತನ್ನ ಸುತ್ತು ಮುಗಿಸಿ ಬಂದು ಗುಡಾರದ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಇವತ್ತೂ ನಿಮ್ಮಾಂವ ಬರಂಗಿಲ್ಲ ಬಿಡ್ರಿ ಮಾಸ್ತರ. ಸುಮ್ನ ಮಲ್ಕಳ್ರಿ."

"ಯಾರು ಹೇಳಿದ್ರು ನಿನಗೆ?"

"ಯಾರ್ ಹೇಳ್ಬೇಕ್ರಿ. ಕುರಿ ದಿಕ್ಕಾಪಾಲಾಗಿ ಮಲ್ಕಂಡಾವ. ಇಷ್ಟ್ ದಿನ ನೋಡೀನಲ್ಲ, ಅವು ಹಿಂಗ್ ಮಲ್ಕಂಡ್ ದಿನ ನಿಮ್ ಡಬ್ಬಿಯಾಗ ಏನೂ ಬರಂಗಿಲ್ಲ."

ಆ ರಾತ್ರಿ ಸೈಬೀರಿಯಾದವನ ಸಂಕೇತ ಬರಲಿಲ್ಲ. ಕಾಕತಾಳೀಯ ಎಂದುಕೊಂಡೆ. ಆದರೆ ಮರುದಿನ ನನ್ನೊಳಗಿನ ಚರ್ಚಾಪಟು ಎಚ್ಚೆತ್ತ. ಮುದುಕ ತಾನಾಗಿಯೇ ಪರೀಕ್ಷೆಗೆ ಒಳಪಡಿಸಬಹುದಾದ ಮಾತೊಂದನ್ನು ಆಡಿದ್ದ; ಶಕುನದವರು ಎಂದೂ ಮಾಡದ ತಪ್ಪು ಅದು. ನಾನು ಒಪ್ಪಂದ ಮುಂದಿಟ್ಟೆ. ಶುಕ್ರ, ಶನಿ, ಭಾನುವಾರ ಮೂರು ಸಂಜೆ ಅವನು ಹೇಳಲಿ. ಮೂರು ಬೆಳಗು ನಾನು ಪರದೆ ನೋಡಿ ಹೇಳುತ್ತೇನೆ. ಒಂದೇ ಒಂದು ಸಲ ಅವನ ಮಾತು ತಪ್ಪಿದರೂ ಸೋಮವಾರ ಮಾಳಮ್ಮ ಹರಪನಹಳ್ಳಿಗೆ ಹೊರಡಬೇಕು. ಮೂರೂ ನಿಜವಾದರೆ ನಾನು ಬಾಯಿ ಮುಚ್ಚಿಕೊಳ್ಳಬೇಕು. ನಾಣ್ಯ ಮೂರು ಸಲ ಚಿಮ್ಮಿದರೆ ಮೂರೂ ನಾವಂದಂತೆ ಬೀಳುವ ಸಂಭವ ಎಂಟರಲ್ಲಿ ಒಂದು. ಗೆದ್ದಂತೆಯೇ ಎಂದು ಲೆಕ್ಕ ಹಾಕಿದ್ದೆ.

ಭರಮಪ್ಪ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಆತು. ನೀವು ಓದ್ದೋರು, ಸುಳ್ಳ್ ಹೇಳಂಗಿಲ್ಲ. ಕುರಿನೂ ಹೇಳಂಗಿಲ್ಲ. ನೋಡಾಣ."

ಒಲೆಗೆ ಪುಳ್ಳಿ ಒಡ್ಡುತ್ತಿದ್ದ ಮಾಳಮ್ಮ ತಲೆಯೆತ್ತದೆಯೇ ಹೇಳಿದಳು: "ನೀನು ಕುರಿ ಮಾತ್ ಕೇಳ್ತಿ ತಾತ, ಸರ್ರು ಸೂರ್ಯನ ಮಾತ್ ಕೇಳ್ತಾರ. ನನ್ ಮಾತ್ ಒಬ್ರನ್ನಾ ಕೇಳ್ರಿ."

"ಏಯ್, ನಿನ್ ಮಾತು ಕೇಳ್ದ ಇರಾಕ ಆಕ್ಕತೇನ್ಲೇ? ನಸುಕಿನಾಗ ಶುರು ಆದ್ರ ಕುರಿನೂ ಕಿವಿ ಮುಚ್ಕಂತಾವ," ಎಂದು ಮುದುಕ ನಕ್ಕ.

ಶುಕ್ರವಾರ ಸಂಜೆ ಭರಮಪ್ಪ 'ಬರಂಗಿಲ್ಲ' ಎಂದ. ಫೋನಿಗೆ ಸಿಗ್ನಲ್ ಸಿಗುತ್ತಿದ್ದ ಬಂಡೆಯನ್ನೇರಿ ನೋಡಿದೆ. ಕಾಂತಕ್ಷೇತ್ರ ಪೂರ್ಣ ಶಾಂತ. ಬೆಳಗ್ಗೆ ಪರದೆ ಖಾಲಿ. ಹಳೆಯ ಕದಡಿನ ಉಳಿಕೆ ಎಂದು ವಿವರಿಸಿಕೊಂಡೆ. ಶನಿವಾರ ಸಂಜೆ 'ಬರ್ತಾನ' ಎಂದ. ಫೋನಿನ ಸೂಚಿ ಆಗಷ್ಟೇ ಮೇಲೇರಿತ್ತು, ಕದಡು ಶುರುವಾಗಿತ್ತು. ಬೆಳಗ್ಗೆ ಪರದೆಯ ತುಂಬ ಆ ಮೂರು ಅಕ್ಷರ, ಸಾಲು ಸಾಲಾಗಿ, ನಾನೆಂದೂ ಕಾಣದಷ್ಟು ಸ್ಪಷ್ಟವಾಗಿ. ಅದಕ್ಕೂ ವಿವರಣೆಯಿತ್ತು. ವಾದ ಕಲಿತವನಿಗೆ ವಿವರಣೆಗಳ ಬರ ಬರುವುದಿಲ್ಲ. ಆದರೆ ಆ ಎರಡು ರಾತ್ರಿಗಳಿಗೆ ಎರಡು ತದ್ವಿರುದ್ಧ ವಿವರಣೆಗಳನ್ನು ನಾನು ಬೆಳಗಾದ ಮೇಲೆ ಹೊಸೆದಿದ್ದೆ. ಮುದುಕ ಹಿಂದಿನ ಸಂಜೆಯೇ ಹೇಳಿ ಮಲಗಿದ್ದ.

ಭಾನುವಾರ ಸಂಜೆ ನಾನೂ ಅವನೊಡನೆ ಮಂದೆಯ ಸುತ್ತ ನಡೆದೆ. ನನಗೆ ಕಂಡದ್ದು ಉಣ್ಣೆಯ ಗುಡ್ಡೆಗಳು, ಅಷ್ಟೆ.

"ಟಗರು ನೋಡಬ್ಯಾಡ್ರಿ, ಅವಕ್ಕ ಬುದ್ಧಿ ಇಲ್ಲ. ಗಬ್ಬದ ಕುರಿ ನೋಡ್ರಿ," ಎಂದ ಭರಮಪ್ಪ. ಕೋಲಿನಿಂದ ಒಂದೊಂದನ್ನೇ ತೋರಿಸುತ್ತ ಹೋದ. ಹೊಟ್ಟೆ ದಪ್ಪಗಾದ ಕುರಿಗಳು ನಿಜಕ್ಕೂ ಉತ್ತರಕ್ಕೆ ತಲೆಯಿಟ್ಟಿದ್ದವು. ಆದರೆ ಕುತ್ತಿಗೆಯನ್ನು ಅರ್ಧ ಹೊರಳಿಸಿ, ಏನನ್ನೋ ಕೇಳಿಸಿಕೊಂಡು ಬೇಡವೆಂದಂತೆ. ಮುದುಕ ಕೊನೆಯ ಕುರಿಯನ್ನೂ ನೋಡಿ ಮುಗಿಸಿದ. ಆಮೇಲೆ ಹೇಳಿದ: "ಬರ್ತಾನ. ಆದ್ರ ಪೂರಾ ಇರಂಗಿಲ್ಲ. ಕೋಳಿ ಕೂಗೋದ್ರಾಗ ಹೊಕ್ಕಾನ. ಶುಕ್ರಾರನೂ ತಪ್ಪಿತ್ತು, ಇದೂ ಮೂರರ ಲೆಕ್ಕಕ್ಕ ಬರಂಗಿಲ್ಲವ್ವ ಮಾಳಿ. ನಾಳಿ ಹೋಗೋದು ಆಗಂಗಿಲ್ಲ."

ನಮ್ಮ ಹಿಂದೆ ಬಂದು ನಿಂತಿದ್ದ ಮಾಳಮ್ಮ ಒಲೆಯ ಕಡೆ ತಿರುಗಿ ನಡೆದಳು. ಅವಳ ಟ್ರಂಕು ಆಗಲೇ ತುಂಬಿಟ್ಟಾಗಿತ್ತು.

ನನಗೆ ಆಗ ನೆಮ್ಮದಿಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಈ ಅಲೆಗಳು ಅತ್ಯುತ್ತಮವಾಗಿ ಬರುವುದು ಬೆಳಗಿನ ಜಾವದಲ್ಲಿ. ಬಂದವನು ಅದೇ ಹೊತ್ತಿಗೆ ಹೋಗುತ್ತಾನೆಂಬ ಮಾತು ಮೂರ್ಖತನದ ಪರಮಾವಧಿ. ಮುದುಕ ಕಡೆಗೂ ಕೈಗೆ ಸಿಕ್ಕ ಎಂದುಕೊಂಡು ಚೆನ್ನಾಗಿ ನಿದ್ದೆ ಮಾಡಿದೆ.

ಮೂಡಣ ಬೆಳ್ಳಗಾಗುವಾಗ ಎದ್ದು ಪರದೆ ನೋಡಿದೆ. ರಾತ್ರಿಯಿಡೀ ಮೂರಕ್ಷರ, ಮತ್ತೆ ಮೂರಕ್ಷರ. ಸುಮಾರು ನಾಲ್ಕು ಗಂಟೆಯ ಬಳಿ ಎರಡನೆಯ ಅಕ್ಷರದ ನಡುವೆ ಗೆರೆ ಕತ್ತರಿಸಿದಂತೆ ನಿಂತಿತ್ತು. ಅಲ್ಲಿಂದಾಚೆ ಬರೀ ಬೂದಿ. ಬ್ಯಾಟರಿ ಸರಿಯಿತ್ತು, ತಂತಿ ಸರಿಯಿತ್ತು. ಆ ಹವ್ಯಾಸಿಗೆ ಆಮೇಲೆ ಬರೆದು ಕೇಳಿದೆ; ಅಂದು ಬೆಳಗಾಗುವವರೆಗೂ ಯಂತ್ರ ನಿಲ್ಲಿಸಿರಲಿಲ್ಲ ಎಂದು ಉತ್ತರ ಬಂತು.

ಹಿಂದೆ ಉಸಿರಿನ ಸದ್ದಾಯಿತು. ಮಾಳಮ್ಮ ನಿಂತಿದ್ದಳು. ಆ ಅಕ್ಷರಗಳನ್ನು ಓದಲು ಅವಳಿಗೆ ನಾನೇ ಕಲಿಸಿದ್ದೆ. ಅವಳ ಕಣ್ಣು ಗೆರೆ ನಿಂತಲ್ಲಿ ನಿಂತಿತು. ಅಷ್ಟರಲ್ಲಿ ಭರಮಪ್ಪ ಹಾಲಿನ ಚೊಂಬು ಹಿಡಿದು ಬರುತ್ತಿರುವುದು ಕಂಡಿತು. ನಾನು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ.

"ಬಂದಿದ್ನೇನ್ರಿ ಮಾಸ್ತರ?"

"ಇಲ್ಲ," ಎಂದೆ. "ಬರಲೇ ಇಲ್ಲ."

ಅವನು ನನ್ನನ್ನು ನೋಡಲಿಲ್ಲ, ಮೊಮ್ಮಗಳನ್ನು ನೋಡಿದ. "ಹೌದೇನವ್ವ?"

"ಹೌದು ತಾತ," ಎಂದಳು ಮಾಳಮ್ಮ. "ಏನೂ ಬಂದಿಲ್ಲ."

ಭರಮಪ್ಪ ಚೊಂಬನ್ನು ಕೆಳಗಿಟ್ಟು ಮಂದೆಯ ಕಡೆ ತಿರುಗಿ ನಿಂತ. ಕುರಿಗಳು ಒಂದೊಂದಾಗಿ ಏಳುತ್ತಿದ್ದವು. "ಹಂಗಾರ ಅವು ಸುಳ್ಳಾದ್ವು," ಎಂದ. ಅವನ ದನಿಯಲ್ಲಿ ಜಗಳವಿರಲಿಲ್ಲ. "ನಮ್ಮಪ್ಪ, ನಮ್ ತಾತ, ಎಲ್ರೂ ಸುಳ್ಳು ನಂಬ್ಕಂಡ್ ಸತ್ರು ಅಂದಂಗಾತು. ನಡಿಯವ್ವ, ಬಸ್ಸಿನ್ ಹೊತ್ತಾತು."

ಟ್ರಂಕನ್ನು ತಾನೇ ಹೊತ್ತು ರಸ್ತೆಯವರೆಗೆ ನಡೆದ. ಅವರು ಬಂಡೆಯ ಮರೆಯಾದ ಮೇಲೆ ನಾನು ಆ ರಾತ್ರಿಯ ಚಿತ್ರವನ್ನು ಅಳಿಸಿಹಾಕಿದೆ. ಮೂಢನಂಬಿಕೆಯವರು ಸಾಕ್ಷ್ಯವನ್ನು ಮುಚ್ಚಿಡುತ್ತಾರೆಂದು ನೂರಾರು ವೇದಿಕೆಗಳಿಂದ ಜರಿದವನು ನಾನು.

ಮಾಳಮ್ಮ ಓದು ಮುಗಿಸಿ ಈಗ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಮಾಡಿದ್ದು ತಪ್ಪೆಂದು ನನಗೆ ಅನ್ನಿಸಿಲ್ಲ. ಅನ್ನಿಸಿಲ್ಲವೆಂಬುದೇ ನನ್ನನ್ನು ಕಾಡುತ್ತದೆ. ಕುರಿಗಳಿಗೆ ಕಾಂತಕ್ಷೇತ್ರ ತಿಳಿಯುತ್ತದೆಯೇ? ತಿಳಿದರೂ, ಇನ್ನೂ ಆಗಬೇಕಾದ್ದನ್ನು ಅವು ಸಂಜೆಗೇ ಹೇಗೆ ಅರಿತವು? ಎಷ್ಟು ಓದಿದರೂ ತೃಪ್ತಿ ಕೊಡುವ ಉತ್ತರ ಸಿಕ್ಕಿಲ್ಲ. ಈ ಕಥೆಯನ್ನು ಅರ್ಧ ಕೇಳಿ 'ನೋಡಿ, ಹಿರಿಯರು ಸುಮ್ಮನೆ ಹೇಳಲಿಲ್ಲ' ಎಂದು ಹಲ್ಲು ಕಿರಿಯುವ ವಿದ್ಯಾವಂತರನ್ನು ಕಂಡರೆ ನನಗೆ ಇಂದಿಗೂ ಹೇಸಿಗೆ. ಅವರು ಏನನ್ನೂ ಪರೀಕ್ಷೆಗೆ ಒಡ್ಡಿದವರಲ್ಲ.

ಕಳೆದ ಚಳಿಗಾಲ ಮತ್ತೆ ಆ ಹೊಲಕ್ಕೆ ಹೋದೆ. ತಂತಿ ಎಳೆದೆ. ಮಂದೆಯೂ ಅಲ್ಲಿತ್ತು, ಭರಮಪ್ಪನೂ ಇದ್ದ, ಇನ್ನಷ್ಟು ಬಾಗಿದ್ದ. ಸಂಜೆ ಮಂದೆ ಮಲಗಿದ ಮೇಲೆ ಅವನು ಸುತ್ತು ಹಾಕದೆ ಕಂಬಳಿ ಹೊದ್ದು ಕೂತೇ ಇದ್ದ. ನಾನು ತಡೆಯಲಾರದೆ ಕೇಳಿದೆ: "ಭರಮಪ್ಪ, ಇವತ್ತು ಬರ್ತಾನೋ ಇಲ್ಲೋ, ಒಮ್ಮೆ ನೋಡಿ ಹೇಳು."

"ನೋಡೋದು ಅವತ್ತ ಬಿಟ್ಟೆ ಅಲ್ರಿ," ಎಂದ. "ಸುಳ್ಳು ಅಂತ ನೀವ ತೋರ್ಸಿಕೊಟ್ರಿ. ತೋರ್ಸಿದ್ಮ್ಯಾಲೂ ನಂಬಿದ್ರ ನಾನೆಂಥ ಮನಷ್ಯಾರಿ?"