ತಾಯಿ-ಕೂಸು ಅಲ್ಲದ ಗ್ಯಾಲಕ್ಸಿ ಮತ್ತು ಕ್ವೇಸಾರ್

ಎಂ.ಎಸ್ಸಿ. ಕೊನೆಯ ವರ್ಷ ನಾನು ಹಟ ಮಾಡಿ ಆರಿಸಿಕೊಂಡಿದ್ದು ಹೆಚ್ಚಿನ ಖಗೋಳ ವಿಜ್ಞಾನಿಗಳು ಒಪ್ಪದ ಒಂದು ವಾದ. ಕೆಲವು ಗ್ಯಾಲಕ್ಸಿಗಳ ನಡುಭಾಗ ವಿಪರೀತ ಉರಿಯುತ್ತಿರುತ್ತದೆ. ಅದು ಹೊರಗೆ ಚಿಮ್ಮಿಸಿದ ವಸ್ತು ಮೊದಲು ಕ್ವೇಸಾರ್ ಎಂಬ ಪ್ರಖರ ಚುಕ್ಕಿಯಾಗಿ, ಆಮೇಲೆ ಬೆಳೆದು ಹೊಸ ಗ್ಯಾಲಕ್ಸಿಯಾಗುತ್ತದೆ ಎನ್ನುವುದು ಆ ವಾದ. ಗ್ಯಾಲಕ್ಸಿಯೇ ಗ್ಯಾಲಕ್ಸಿಯನ್ನು ಹೆರುತ್ತದೆ! ವಾಸ್ಕೋದ ಮಂಗೋರ್ ಹಿಲ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಕೂತು ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು.

ನನ್ನ ಬಳಿ ಪುರಾವೆಯೂ ಇತ್ತು. ದೂರದರ್ಶಕದ ಒಂದು ಚಿತ್ರದಲ್ಲಿ ಅಂಥ ಗ್ಯಾಲಕ್ಸಿಯ ಮಗ್ಗುಲಿಗೇ ಒಂದು ಕ್ವೇಸಾರ್. ಅವ್ವನಿಗೆ ತೋರಿಸಿದ್ದೆ.

"ಥೇಟ್ ಕೂಸು ಇದ್ದಂಗ ಐತಿ ನೋಡ," ಅಂದಿದ್ದಳು ರೊಟ್ಟಿ ಬಡಿಯುತ್ತಾ.

ಸೆಮಿನಾರಿಗೆ ನಾಲ್ಕು ದಿನ ಇರುವಾಗ ಆ ಕ್ವೇಸಾರಿನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದೆ. ಅದರಲ್ಲಿ ಒಂದು ಅನಿಲದ ಮೋಡದ ಗುರುತು ಸಿಕ್ಕಿತು. ಮೋಡ ನನ್ನ ಗ್ಯಾಲಕ್ಸಿಗಿಂತ ಎಷ್ಟೋ ದೂರದ್ದು; ಬೆಳಕು ಅದನ್ನು ಹಾದು ಬಂದಿದೆ ಎಂದರೆ ಕ್ವೇಸಾರ್ ಅದಕ್ಕೂ ಆಚೆ. ತಾಯಿಯೂ ಅಲ್ಲ, ಕೂಸೂ ಅಲ್ಲ. ನಮ್ಮ ಕಣ್ಣಿಗೆ ಒಂದೇ ದಿಕ್ಕಿನಲ್ಲಿ ಕಂಡಿದ್ದವು, ಅಷ್ಟೇ. ಮೂರು ಸಲ ಲೆಕ್ಕ ಮಾಡಿದರೂ ಬದಲಾಗಲಿಲ್ಲ.

ಆ ಮೋಡದ ಮಾತು ಬಿಟ್ಟು ಬರೆದರೆ ಯಾರಿಗೂ ತಿಳಿಯದು ಅನ್ನಿಸಿತು. ಊಟ ಸೇರಲಿಲ್ಲ. ಬಂದರಿನಲ್ಲಿ ಸರಕು ಇಳಿಸುವ ಅಪ್ಪ ಸಂಜೆ ಬಂದು ಏನಾಯಿತೆಂದು ಕೇಳಿದ. ಹೇಳಿದೆ.

"ಅಂದ್ರ ವರ್ಷಪೂರ್ತಿ ಮಾಡಿದ್ದು ತಪ್ಪಾತೇನು?"

"ಹೌದಪಾ."

"ತಪ್ಪು ಹಿಡದಾವ್ರು ಯಾರು?"

"ನಾನಽ."

"ಹಂಗಿದ್ರ ಹೋಗಿ ಹೇಳವಾ. ಮುಚ್ಚಿಟಗೊಂಡು ಎಷ್ಟ್ ದಿನಾ ಉಣ್ಣಲಾರದ ಕೂಡ್ತಿ?"

ಸೆಮಿನಾರಿನ ದಿನ ಬೆಳಿಗ್ಗೆ ಮೊದಲ ಮಾತೇ ಹೇಳಿಬಿಟ್ಟೆ: ನನ್ನ ಪುರಾವೆ ನಿಲ್ಲುವುದಿಲ್ಲ. ಮುಂದಿನ ಸಾಲಿನಲ್ಲಿದ್ದ ಪರೀಕ್ಷಕರು ಕನ್ನಡಕ ತೆಗೆದರು.

"ಹಾಗಾದರೆ ಆ ವಾದ ಪೂರ್ತಿ ಸುಳ್ಳೇ?"

"ನಾನು ನಂಬಿದ್ದ ಈ ಜೋಡಿಯಂತೂ ಸುಳ್ಳು ಸರ್. ಆದರೆ ಉರಿಯುವ ನಡುಭಾಗದಿಂದ ಚಿಮ್ಮಿದ ಧಾರೆ ಅನಿಲವನ್ನು ಒತ್ತಿ ಹೊಸ ನಕ್ಷತ್ರ ಹುಟ್ಟಿಸಿದ್ದು ಕೆಲವು ಕಡೆ ಕಂಡಿದೆ. ಅಷ್ಟು ಮಾತ್ರ ಹೇಳಬಲ್ಲೆ."

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಮೊದಲಿನಿಂದಲೂ ಈ ವಿಷಯ ಬೇಡವೆಂದಿದ್ದ ನನ್ನ ಮಾರ್ಗದರ್ಶಕಿ ಹೊರಗೆ ಬಂದು ನನ್ನ ಕೈ ಹಿಡಿದರು. "ಆ ಮೋಡ ನನಗೆ ಮೊದಲೇ ಕಂಡಿತ್ತು. ನೀನಾಗಿ ಹೇಳುತ್ತೀಯಾ ಅಂತ ಕಾಯುತ್ತಿದ್ದೆ. ಪ್ರಬಂಧದಲ್ಲಿ ಇದೇ ಮುಖ್ಯ ಅಧ್ಯಾಯ ಆಗಲಿ."

ಸಿಟ್ಟು ಬರಬೇಕಿತ್ತೋ ಏನೋ. ಬರಲಿಲ್ಲ. ಎದೆ ಹಗುರಾಯಿತು. ವಾಸ್ಕೋ ಬಸ್ಸಿನಲ್ಲಿ ಕೂತದ್ದಷ್ಟೇ ನೆನಪು. ದಾರಿಯಲ್ಲಿ ದಾಬೋಲಿಮ್ ದಾಟಿದ್ದೂ ಗೊತ್ತಾಗದಂಥ ನಿದ್ದೆ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಸೀಟಿನ ಕಂಬಿ ಬಡಿದು ಎಬ್ಬಿಸಬೇಕಾಯಿತು.